ಮಳೆಗಾಲಕ್ಕೆ ಮುನ್ನ ಬಚ್ಚಲಿನ ಗ್ಯಾಸ್ ಗೀಸರ್ ಪರೀಕ್ಷೆ

ಚಿಕ್ಕಮಗಳೂರು ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಹಂಡೆ ಒಲೆಯ ಜಾಗಕ್ಕೆ ಗ್ಯಾಸ್ ಗೀಸರ್ ಬಂದಿದೆ. ಒಲೆಯ ಹೊಗೆ ಕಣ್ಣುರಿಸಿ ತಾನಾಗಿಯೇ ಎಚ್ಚರಿಸುತ್ತಿತ್ತು. ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ, ಜೀವ ತೆಗೆಯಬಲ್ಲ ವಿಷಗಾಳಿಯಾದ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಇರಚಲಿಗೆ ಹೆದರಿ ನಾವು ಬಚ್ಚಲಿನ ಕಿಟಕಿಯನ್ನು ಮುಚ್ಚಿಬಿಡುವುದರಿಂದ, ಈ ಪರೀಕ್ಷೆಯನ್ನು ಮೇ ತಿಂಗಳಲ್ಲೇ ಮುಗಿಸುವುದು ಒಳ್ಳೆಯದು.

ಗೀಸರ್ ಬಚ್ಚಲಿನ ಒಳಗಿದ್ದರೆ ಅದನ್ನು ಹೊರಗೋಡೆಗೆ, ಗಾಳಿಯಾಡುವ ಸೂರಿನಡಿಗೆ ಸಾಗಿಸಿ ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರುವುದೇ ನನ್ನ ಮಟ್ಟಿಗೆ ಮೊದಲ ರಿಪೇರಿ. ಉಳಿದದ್ದೆಲ್ಲ ಅದರ ನಂತರದ ಮಾತು.

ಬಳಿಕ ಜ್ವಾಲೆಯನ್ನು ನೋಡಿ. ಅದು ನೀಲಿಯಾಗಿ, ನೆಟ್ಟಗೆ ಉರಿಯಬೇಕು. ತುದಿ ಹಳದಿಯಾಗಿ ಓಲಾಡುತ್ತಿದ್ದರೆ ಬರ್ನರ್‌ಗೆ ಗಾಳಿ ಸಾಲುತ್ತಿಲ್ಲವೆಂದು ತಿಳಿಯಿರಿ. ಆಗ ಬರ್ನರ್ ಮೇಲೆ ನೀರು ಕಾಯಿಸುವ ತಾಮ್ರದ ರೆಕ್ಕೆಗಳ ಸಂದಿನಲ್ಲಿ ಮಸಿ ಕೂತು, ಉರಿದ ಗಾಳಿ ಹೊರಹೋಗುವ ದಾರಿಯನ್ನೂ ಕಟ್ಟುತ್ತದೆ. ರೆಗ್ಯುಲೇಟರ್ ಮುಚ್ಚಿ, ಬ್ಯಾಟರಿ ತೆಗೆದು, ಗೀಸರ್ ತಣ್ಣಗಾದ ಮೇಲೆ ಕವರ್ ಬಿಚ್ಚಿ ಮೆತ್ತನೆಯ ಬ್ರಷ್‌ನಿಂದ ಮಸಿ ಉದುರಿಸಿ. ನಮ್ಮ ಮನೆಯಲ್ಲಿ ಒಮ್ಮೆ ಹೀಗೆ ಬಿಚ್ಚಿದಾಗ ಬರ್ನರ್‌ಗೆ ಗಾಳಿ ಸೇರುವ ಬಾಯಿಯಲ್ಲಿ ಜೇಡ ಹತ್ತಿಯಂತೆ ಬಿಳಿ ಬಲೆ ಹೆಣೆದಿತ್ತು. ಅದನ್ನು ತೆಗೆದೊಡನೆ ಜ್ವಾಲೆ ನೀಲಿಗೆ ತಿರುಗಿತು. ಗ್ಯಾಸ್ ಚಿಮ್ಮುವ ಜೆಟ್‌ನ ತೂತಿಗೆ ಮಾತ್ರ ಪಿನ್ನು ಹಾಕಬೇಡಿ. ತೂತು ಕೂದಲೆಳೆಯಷ್ಟು ಹಿಗ್ಗಿದರೂ ಗ್ಯಾಸ್ ಹೆಚ್ಚು ನುಗ್ಗಿ ಮತ್ತೆ ಹಳದಿ ಜ್ವಾಲೆಯೇ ಬರುತ್ತದೆ.

ಐ.ಎಸ್.ಐ. ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್‌ಗೆ ಐದು ವರ್ಷದ ಆಯಸ್ಸು. ಅದನ್ನು ಬಗ್ಗಿಸಿ ಬಿರುಕು ಹುಡುಕಿ. ಬಿರುಕು ಕಂಡರೆ ಟೇಪ್ ಸುತ್ತದೆ ಹೊಸದನ್ನೇ ಹಾಕಿಸಿ. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿದಾಗ ಗುಳ್ಳೆ ಉಬ್ಬಿದರೆ ಅಲ್ಲಿ ಸೋರಿಕೆಯಿದೆ. ಬೆಂಕಿಕಡ್ಡಿ ಗೀರಿ ಎಂದೂ ನೋಡಬಾರದು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ನಿಲ್ಲುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಸಿಲಿಂಡರ್ ಮುಚ್ಚಿ, ಬಾಗಿಲು ತೆರೆದು ಹೊರಬಂದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಿ.

ನಲ್ಲಿ ತಿರುಗಿಸಿದಾಗ ಟಿಕ್ ಟಿಕ್ ಸದ್ದೇ ಬಾರದಿದ್ದರೆ ಮೊದಲು ಬ್ಯಾಟರಿ ಬದಲಿಸಿ. ಆಗಲೂ ಸದ್ದಿಲ್ಲವಾದರೆ ನೀರಿನ ಒತ್ತಡ ಕಡಿಮೆಯಿರಬಹುದು. ನೀರು ಒಳಬರುವಲ್ಲಿರುವ ಪುಟ್ಟ ಜಾಲರಿಯನ್ನು ಕಳಚಿ ತೊಳೆಯಿರಿ, ಹಳ್ಳದ ನೀರು ಬಳಸುವ ಮನೆಗಳಲ್ಲಿ ಅದು ಕೆಸರಿನಿಂದ ಕಟ್ಟಿಕೊಂಡಿರುತ್ತದೆ. ಸದ್ದಿದ್ದೂ ಹೊತ್ತಿಕೊಳ್ಳದಿದ್ದರೆ ಕಿಡಿ ಹಾರುವ ಕಡ್ಡಿಯ ಮಸಿಯನ್ನು ಒಣಬಟ್ಟೆಯಿಂದ ಒರೆಸಿ. ಗ್ಯಾಸ್ ವಾಲ್ವ್ ಮತ್ತು ಸೆನ್ಸರ್‌ಗಳ ಕೆಲಸವನ್ನು ತರಬೇತಾದ ಮೆಕ್ಯಾನಿಕ್‌ಗೇ ಬಿಡಬೇಕು.

ಎಲ್ಲವನ್ನೂ ಜೋಡಿಸಿದ ಮೇಲೆ, ಯಾರೂ ಸ್ನಾನಕ್ಕೆ ಇಳಿಯುವ ಮುನ್ನ, ಬಾಗಿಲು ಕಿಟಕಿ ತೆರೆದಿಟ್ಟು ಐದು ನಿಮಿಷ ಉರಿಸಿ, ಜ್ವಾಲೆಯ ಬಣ್ಣವನ್ನು ಮತ್ತೊಮ್ಮೆ ನೋಡಿ.