ಹಳೆ ಕಂಬಕ್ಕೆ ಒಂದು ಮಳೆಗಾಲ

ಸಿದ್ದಾಪುರದ ಕಡೆ ಒಂದು ಮನೆ ಬಿಚ್ಚುವಾಗ ಸಿಕ್ಕ ಕಂಬವನ್ನು ಮೇ ತಿಂಗಳಲ್ಲಿ ತಂದು, ಶಿರಸಿಯ ನಮ್ಮ ಮನೆಯ ಹಾಲಿನಲ್ಲಿ ನಿಲ್ಲಿಸಿದೆ. ಬಂದವರೆಲ್ಲ ಸವರಿ ನೋಡಿ ಹೊಗಳಿದರು. ಜುಲೈ ಹೊತ್ತಿಗೆ ಬುಡದಲ್ಲಿ ಗೋಧಿ ಹಿಟ್ಟಿನಂಥ ಪುಡಿ ಬೀಳತೊಡಗಿತು. ಗುಡಿಸಿದರೆ ಮರುದಿನ ಮತ್ತೆ ಅಷ್ಟೇ. ‘ನಿಮ್ಮ ಕಂಬ ರಾತ್ರಿಯೆಲ್ಲ ಹಿಟ್ಟು ಬೀಸ್ತಾ ಇದ್ದು’ ಎಂದಳು ಹೆಂಡತಿ. ಕುಟ್ಟೆ ಹುಳ. ಕಂಬ ಕೀಳಿಸಿ ಕೊಟ್ಟಿಗೆಗೆ ಸಾಗಿಸುವಷ್ಟರಲ್ಲಿ ಪಕ್ಕದ ಪುಸ್ತಕದ ಶೆಲ್ಫಿನಲ್ಲೂ ತೂತು ಕಂಡವು.

ಅಂದಿನಿಂದ ನನ್ನದು ಒಂದೇ ಹಟ: ಹಳೆ ಮರ ಯಾವುದೇ ಇರಲಿ, ಒಂದು ಮಳೆಗಾಲ ಕೊಟ್ಟಿಗೆಯಲ್ಲೋ ಶೆಡ್ಡಿನಲ್ಲೋ ಕಳೆದ ಮೇಲೆಯೇ ಮನೆಯೊಳಗೆ ಬರಬೇಕು. ನಮ್ಮ ಜೂನ್–ಸೆಪ್ಟೆಂಬರಿನ ಥಂಡಿಯಲ್ಲಿ ಮರ ತನ್ನ ಗುಟ್ಟನ್ನೆಲ್ಲ ತಾನೇ ಹೇಳುತ್ತದೆ. ಹಳೆ ಮನೆಯ ಸಾಮಾನಿನಿಂದ ಮನೆ ಅಲಂಕರಿಸುವ ಬಗ್ಗೆ ಬೆಂಗಳೂರಿನವರು ಬರೆದದ್ದನ್ನು ಓದಿ ವಾರದಲ್ಲಿ ಮುಗಿಸಲು ಹೊರಟರೆ ನನ್ನ ಹಾಗೇ ಆಗುತ್ತದೆ.

ಸಿಗುವುದು ಎಲ್ಲಿ?

ಗುಜರಿಯವನ ಬಳಿ ಹೋಗುವ ಮೊದಲು ನೆಂಟರಲ್ಲಿ ವಿಚಾರಿಸಿ. ಅಣ್ಣತಮ್ಮಂದಿರು ಹಿಸ್ಸೆಯಾದಾಗ ಹಳೆ ಮನೆ ಬಿಚ್ಚುತ್ತಾರೆ, ಹಂಚಿನ ಮಾಡು ತೆಗೆದು ಸ್ಲ್ಯಾಬ್ ಹಾಕುತ್ತಾರೆ. ತೊಲೆ, ಜಂತಿ, ಬಾಗಿಲು ಬಚ್ಚಲ ಒಲೆಗೆ ಹೋಗುವ ಮೊದಲು ನೀವು ತಲುಪಿದರೆ ಆಯಿತು. ಕರಾವಳಿಯಲ್ಲಿ ಹೆದ್ದಾರಿ ಅಗಲವಾದಾಗ ರಸ್ತೆ ಬದಿಯ ಎಷ್ಟೋ ಹಳೆ ಅಂಗಡಿ, ಮನೆಗಳ ಸಾಮಾನು ಹೀಗೇ ಕೈ ಬದಲಾಯಿತು.

ಹೇರುವ ಮೊದಲು ಕಾಗದಪತ್ರದ ಕೆಲಸ. ಮನೆ ಬಿಚ್ಚುವ ಮುಂಚಿನ ಫೋಟೊ, ಮಾಲೀಕರ ಪತ್ರ, ಕೊಟ್ಟ ಹಣಕ್ಕೆ ರಸೀದಿ ಇಟ್ಟುಕೊಳ್ಳಿ. ತೇಗ, ಬೀಟೆ ಇದ್ದರೆ ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಕೇಳಿಯೇ ಲಾರಿ ಹತ್ತಿಸಿ; ಗೇಟಿನಲ್ಲಿ ನಿಂತು ‘ಅಜ್ಜನ ಕಾಲದ್ದು’ ಎಂದರೆ ಯಾರೂ ಬಿಡುವುದಿಲ್ಲ. ಇನ್ನೊಂದು ಮಾತು. ಕಟ್ಟಡದಿಂದ ಬಿಡಿಸಿದ, ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತದೆ. ಕೆತ್ತನೆಯ ಹಳೆ ಹೆಬ್ಬಾಗಿಲನ್ನು ಅಮೆರಿಕದ ಮಗನ ಮನೆಗೆ ಕಳಿಸುವ ಆಸೆಯಿದ್ದರೆ ಬಿಟ್ಟುಬಿಡಿ.

ಮರದ ಪರೀಕ್ಷೆ

ತೂತು ಕಂಡ ಕೂಡಲೇ ಮರ ಬೇಡ ಎನ್ನಬೇಕಿಲ್ಲ. ಹಳೆ ತೂತಿನ ಒಳಗೋಡೆ ಕಪ್ಪಗೆ, ಧೂಳು ಹಿಡಿದಿರುತ್ತದೆ. ಹುಳ ಈಗಲೂ ಇದ್ದರೆ ತೂತಿನ ಬಾಯಿ ಹೊಸ ಮರದ ಬಣ್ಣದ್ದು, ಪುಡಿಯೂ ತಿಳಿಬಣ್ಣದ್ದು. ಮರವನ್ನು ಚೆನ್ನಾಗಿ ಕುಟ್ಟಿ, ಗುಡಿಸಿ, ಅಡಿಗೆ ಕಪ್ಪು ಕಾಗದ ಹಾಸಿಡಿ. ಮಳೆಗಾಲವಿಡೀ ವಾರಕ್ಕೊಮ್ಮೆ ನೋಡಿ. ಕುಟ್ಟೆಗೆ ಬೇಕಾದದ್ದು ಹೊರಸುತ್ತಿನ ಬಿಳಿ ಭಾಗದ ಪಿಷ್ಟ. ತೇಗದಂಥ ಮರದ ಒಳಗಿನ ಗಟ್ಟಿ ಚೇಗಿನ ತಂಟೆಗೆ ಅದು ಹೋಗುವುದು ಅಪರೂಪ. ನಮ್ಮ ಆಚಾರಿ ಕಂಬ ನೋಡಿದವರೇ ‘ಹೆಗಡೇರೆ, ಬಿಳಿ ಇದ್ದಷ್ಟು ಕೆತ್ತಿ ಹಾಕುವ, ಉಳಿದದ್ದಕ್ಕೆ ಔಷಧಿ ಸಾಕು’ ಅಂದರು. ಹಾಗೇ ಮಾಡಿದೆವು. ಕಂಬ ಎರಡು ಬೆರಳು ಸಪೂರವಾಯಿತು, ಅಷ್ಟೆ.

ಔಷಧಿ ಇದು: 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬಿಳಿಗಾರ (ಬೋರಾಕ್ಸ್), 200 ಗ್ರಾಂ ಬೋರಿಕ್ ಆಸಿಡ್. ಪೂರ್ತಿ ಕರಗಿದ ಮೇಲೆ, ಬಣ್ಣ, ಎಣ್ಣೆ ಏನೂ ಇಲ್ಲದ ಬರಿ ಮರಕ್ಕೆ ಬ್ರಷ್ಷಿನಲ್ಲಿ ಮೂರು ಸಲ ಬಳಿಯಿರಿ. ಬಿರುಕು, ಕುಳಿ, ಕಡಿದ ತುದಿಗಳಿಗೆ ಧಾರಾಳವಾಗಿ ಕುಡಿಸಿ. ಕೈಗೆ ಗ್ಲೌಸ್ ಇರಲಿ, ಮಕ್ಕಳು ದೂರ ಇರಲಿ. ಇದು ನೀರಿನಲ್ಲಿ ಕರಗಿ ಹೋಗುವ ಔಷಧಿ. ಇರಚಲು ಹೊಡೆಯುವ ಜಗಲಿಯ ಕಂಬಕ್ಕೆ ಬಳಿದರೆ ಒಂದೇ ಆಡಿಮಳೆಗೆ ತೊಳೆದುಹೋಗುತ್ತದೆ. ಅಂಥ ಕಡೆಗೆ ಹಿಂದಿನವರು ಗೇರೆಣ್ಣೆ ಬಳಿಯುತ್ತಿದ್ದರು, ದೋಣಿಗೂ ಅದೇ. ಗೇರು ಬೀಜದ ಸಿಪ್ಪೆಯ ಆ ಎಣ್ಣೆ ಮೈಗೆ ತಾಗಿದರೆ ಸುಟ್ಟ ಹಾಗೆ ಬೊಕ್ಕೆ ಏಳುತ್ತದೆ. ಗೊತ್ತಿದ್ದವರ ಕೈಯಲ್ಲೇ ಮಾಡಿಸಿ.

ಬಣ್ಣ ತೆಗೆಯುವುದು

ಹಳೆ ಬಾಗಿಲಿನ ಹಸಿರು, ನೀಲಿ ಆಯಿಲ್ ಪೇಂಟ್ ಚಂದವೇ, ಆದರೆ ಅದರಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಆದ್ದರಿಂದ ಒಣ ಉಜ್ಜುವ ಕಾಗದ ಬೇಡ, ಬೆಂಕಿ ಹಿಡಿದು ಸುಡುವುದಂತೂ ಬೇಡವೇ ಬೇಡ. ನೀರು ಹಾಕುತ್ತ ಉಜ್ಜಿ, ಮಾಸ್ಕ್ ಕಟ್ಟಿಕೊಳ್ಳಿ, ಅಡಿಗೆ ತಾಡಪಾಲು ಹಾಸಿ, ಬಿದ್ದ ಪುಡಿಯನ್ನು ಅದರಲ್ಲೇ ಸುತ್ತಿ ತೆಗೆಯಿರಿ. ಅಂಗಳಕ್ಕೆ, ತೋಟಕ್ಕೆ ಬೀಳಬಾರದು.

ಮೊಳೆ ಕೀಳುವಾಗ ಅಯಸ್ಕಾಂತ ಸವರಿ ನೋಡಿ. ಒಳಗೆ ಮುರಿದು ಕೂತ ಹಳೆ ಮೊಳೆ ಒಂದೇ ಸಲಕ್ಕೆ ಗರಗಸದ ಹಲ್ಲು ಹಾರಿಸುತ್ತದೆ.

ಕೊನೆಯ ಮೆರುಗಿಗೆ ಪಾಲಿಶ್ ಬೇಡ, ಬೇಯಿಸಿದ ಅಗಸೆ ಎಣ್ಣೆ ಸಾಕು. ಪೇಂಟಿನ ಅಂಗಡಿಯಲ್ಲಿ ಲಿನ್‌ಸೀಡ್ ಎಂದು ಕೇಳಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಕಾವು ಏರಿ ತಾನಾಗಿ ಹೊತ್ತಿಕೊಳ್ಳಬಹುದು. ತಂತಿಯ ಮೇಲೆ ಬಿಡಿಸಿ ಒಣಹಾಕಿ.

ಯಾವುದು ಎಲ್ಲಿಗೆ?

ಹಳೆಯದಕ್ಕೆ ಮನೆಯಲ್ಲಿ ಒಂದು ಕೆಲಸ ಇರಬೇಕು ಎಂಬುದು ನನ್ನ ಅಭಿಪ್ರಾಯ. ಗೋಡೆಗೆ ನೇಗಿಲು ಹೊಡೆದು, ಪಕ್ಕದಲ್ಲಿ ಲಾಟೀನು ನೇತುಹಾಕಿ ಹೋಮ್‌ಸ್ಟೇ ಮಾಡುವುದು ನನಗೆ ಸೇರುವುದಿಲ್ಲ.

ಕಂಬವನ್ನು ಸಿಮೆಂಟಿನ ನೆಲದಲ್ಲಿ ಹುಗಿಯಬೇಡಿ, ನೆಲದ ಪಸೆ ಏರಿ ಬುಡ ಕೊಳೆಯುತ್ತದೆ. ಹಿಂದಿನವರ ಹಾಗೆ ಕಲ್ಲಿನ ಮೇಲೆ ನಿಲ್ಲಿಸಿ. ಮೇಲೆ ಸ್ಲ್ಯಾಬಿಗೆ ತಾಗುವಲ್ಲಿ ಬೆರಳಗಲ ಸಂದು ಬಿಟ್ಟು ಕಬ್ಬಿಣದ ಪಟ್ಟಿಯಿಂದ ಹಿಡಿಸಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ.

ಹಳೆ ಬಾಗಿಲು ತಗ್ಗು. ತಲೆ ಬಗ್ಗಿಸಿ ದಾಟುತ್ತಿದ್ದ ಬಾಗಿಲನ್ನು ಹೊಸ ಮನೆಗೆ ಕೂರಿಸಿದರೆ ಹಣೆಗೆ ಬಾಸುಂಡೆ. ಊಟದ ಮೇಜು ಮಾಡಿ: ನೆಲದಿಂದ 30 ಇಂಚು ಎತ್ತರ, ಮೇಲೆ ಗಾಜು. ಗಾಜನ್ನು ಮರಕ್ಕೆ ಅಂಟಿಸಿದರೆ ಸಂದಿನಲ್ಲಿ ಬೂಷ್ಟು ಬರುತ್ತದೆ, ನಡುವೆ ನಾಲ್ಕಾರು ರಬ್ಬರ್ ಗುಂಡಿ ಇಟ್ಟು ಗಾಳಿಯಾಡಲು ಬಿಡಿ.

ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹಂಚು ಘಟ್ಟದ ಮೇಲೂ ಕೆಳಗೂ ತುಂಬಿಕೊಂಡಿತು. ಕಾರ್ಖಾನೆಯ ಹೆಸರು ಒತ್ತಿದ ಹಂಚು ಸಿಕ್ಕರೆ ಬೆರಳ ಗೆಣ್ಣಿನಿಂದ ತಟ್ಟಿ. ಕಂಚಿನ ಹಾಗೆ ಟಣ್ ಎಂದರೆ ಗಟ್ಟಿ, ದಬ್ ಎಂದರೆ ಒಳಗೆ ಬಿರುಕು. ಒಂದೆರಡು ಗಾಜಿನ ಹಂಚು ಸಿಕ್ಕರಂತೂ ಬಿಡಬೇಡಿ. ಅಡುಗೆಮನೆಯ ಕತ್ತಲೆಗೆ ಅದಕ್ಕಿಂತ ಒಳ್ಳೆಯ ಅಲಂಕಾರ ನಾನು ಕಂಡಿಲ್ಲ.

ಕಾರವಾರ, ಅಂಕೋಲೆ ಕಡೆಯವರಿಗೆ ಹಳೆ ಪಾತಿ ದೋಣಿಯ ಹಲಗೆ ಸಿಗುತ್ತದೆ. ಅದರಲ್ಲಿ ಉಪ್ಪು ಕೂತಿರುತ್ತದೆ, ಉಪ್ಪು ಥಂಡಿ ಎಳೆಯುತ್ತದೆ, ಬಣ್ಣ ಹೊಪ್ಪಳೆ ಏಳುತ್ತದೆ. ಈ ಒಂದು ಮರವನ್ನು ಮಾತ್ರ ಶೆಡ್ಡಿನಲ್ಲಿಡಬೇಡಿ. ಮಳೆಗಾಲವಿಡೀ ಅಂಗಳದಲ್ಲಿ ನೆನೆಯಲಿ, ಆಮೇಲೆ ನೆರಳಲ್ಲಿ ಒಣಗಲಿ.

ತಾಮ್ರದ ಹಂಡೆಗೆ ಮುರುಗಲ ಸಿಪ್ಪೆ ಮತ್ತು ಉಪ್ಪು ಸಾಕು. ಒಳಗೆ ಅಡಿಕೆ ಸೋಗೆಯ ಪೊರಕೆ ನಿಲ್ಲಿಸುತ್ತೀರೋ ಛತ್ರಿ ನಿಲ್ಲಿಸುತ್ತೀರೋ ನಿಮ್ಮಿಷ್ಟ.

ಒರಳುಕಲ್ಲನ್ನು ಅಂಗಳದಲ್ಲಿಟ್ಟು ಹೂವು ತೇಲಿಸುವುದು ಈಗಿನ ರೂಢಿ. ಡೆಂಗಿ ಸೊಳ್ಳೆ ಅದರಲ್ಲಿ ಏಳೆಂಟು ದಿನಕ್ಕೆ ಹಾರುವಂತಾಗುತ್ತದೆ. ಆ ಕಲ್ಲನ್ನು ಮಗುಚಲು ಇಬ್ಬರು ಬೇಕು, ಹಾಗಾಗಿ ನಾವು ಬದಿಗೆ ಒಂದು ಗರಟೆ ಇಟ್ಟಿದ್ದೇವೆ. ಭಾನುವಾರ ನೀರು ತೋಡಿ, ಗುಳಿಯನ್ನು ತೆಂಗಿನ ನಾರಿನಿಂದ ತಿಕ್ಕುವುದು ಮೊಮ್ಮಗಳ ಕೆಲಸ.