ಇಸವಿ ಅಳಿಸಿದ ಬೆಳ್ಳಿ ರೂಪಾಯಿ: ಕಾದ ತಟ್ಟೆಯ ಮೇಲೆ ಓದಿದ್ದು

ಚಿಂತಾಮಣಿ, ಕೋಲಾರದ ಬೆಳ್ಳಿ ಅಂಗಡಿಗಳಿಗೆ ಬರುವ ಹಳೇ ರೂಪಾಯಿಗಳಲ್ಲಿ ಸರಕ್ಕೋ ಗುಂಡಿಗೋ ಬೆಸೆದವೇ ಜಾಸ್ತಿ. ತಲೆ ಮುಂದೆ ಕಾಣಬೇಕಲ್ಲ, ಹಾಗಾಗಿ ಬೆಸುಗೆಯೆಲ್ಲ ಹಿಂಬದಿಯ ಇಸವಿಯ ಮೇಲೆ. ಕಾಯಿಸಿದರೆ ಅಂಕಿ ಕಾಣುತ್ತದೆ ಎಂದಾಗ ‘ಸುಮ್ನೆ ಕರಗಿಸಿಬಿಡಿ ಸಾರ್’ ಎಂದವರೇ ಈಗ ತಂದು ಕೊಡುತ್ತಿದ್ದಾರೆ. ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ 1832ರಲ್ಲೇ ಬರೆದಿಟ್ಟ ವಿಷಯ ಇದು.

ಬೆಂಕಿ ಕೊನೆಗೆ, ಮೊದಲು ಮುಂಬದಿಯ ತಲೆ, ಬರಹ ನೋಡಿ. ಕಿರೀಟದ ವಿಕ್ಟೋರಿಯಾ ಜೊತೆ ‘ಕ್ವೀನ್’ ಇದ್ದರೆ 1862, ಇಲ್ಲವೇ 1874ರಿಂದ 76. ‘ಎಂಪ್ರೆಸ್’ ಇದ್ದರೆ 1877ರಿಂದ 1901. 1862 ಎಂಬ ಇಸವಿಯನ್ನೇ ವರ್ಷಗಟ್ಟಲೆ ಮುಂದುವರಿಸಿ ಹೊಡೆದದ್ದರಿಂದ, ಅದರಲ್ಲಿ ಅಂಕಿ ಸಿಕ್ಕರೂ ಟಂಕಿಸಿದ ವರ್ಷ ಸಿಕ್ಕಂತಲ್ಲ. ಐದನೇ ಜಾರ್ಜ್ ರೂಪಾಯಿ 1911ರಿಂದ 22. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತಿದ್ದರೆ 1911, ಕೆಲಸ ಮುಗಿಯಿತು. ಆರನೇ ಜಾರ್ಜ್ ಆದರೆ ನೀರಿನ ತೂಕ: 0.01 ಗ್ರಾಂ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ತಳ ತಾಗದಂತೆ ಮುಳುಗಿಸಿ. ಪೂರ್ತಿ 11.66 ಗ್ರಾಂ ಇರುವುದಕ್ಕೆ 1.13ರ ಆಸುಪಾಸು ಬಂದರೆ 1938-39ರ ಒಳ್ಳೇ ಬೆಳ್ಳಿ, 1.22 ಬಂದರೆ 1940ರಿಂದೀಚಿನ ಅರ್ಧ ಬೆಳ್ಳಿ. ಗಾಳಿಗುಳ್ಳೆ ಅಂಟಿದರೆ ಲೆಕ್ಕ ಕೆಡುತ್ತದೆ, ಒಂದು ತೊಟ್ಟು ಪಾತ್ರೆ ಸೋಪು ಹಾಕಿ.

ಎಲ್ಲಕ್ಕಿಂತ ಹೆಚ್ಚು ನಾಣ್ಯ ಹಾಳಾಗುವುದು ಸೀಸದ ಬೆಸುಗೆಯಿಂದ. ಅದು 190 ಡಿಗ್ರಿಯೊಳಗೇ ಕರಗಲು ಶುರು. ಅದನ್ನು ಬಿಟ್ಟು ಕೆಂಪಗೆ ಕಾಯಿಸಿದಿರೋ, ಬೆಳ್ಳಿಯೊಳಕ್ಕೆ ಇಳಿದು ಗುಳಿ ತಿನ್ನುತ್ತದೆ, ಅಂಕಿಯಿದ್ದ ಜಾಗವೇ ಹೋಗುತ್ತದೆ. ಮೊದಲು ಅಷ್ಟೇ ಬಿಸಿ ಮಾಡಿ ಹತ್ತಿಬಟ್ಟೆಯಲ್ಲಿ ಒರೆಸಬೇಕು. ಉಳಿದ ಪದರವನ್ನು ವಿನೆಗರ್, ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಸಮಸಮ ಬೆರೆಸಿ ನೆನೆಸಿ, ಆಗಾಗ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ ತೆಗೆಯುವುದು. ಅವಸರ ಬೇಡ, ರಾತ್ರಿಯಿಡೀ ಹಿಡಿದರೂ ಹಿಡಿಯಿತು. ಆ ನೀರಿನಲ್ಲಿ ಸೀಸ ಇರುತ್ತದೆ, ಚರಂಡಿಗೆ ಸುರಿಯಬೇಡಿ.

ಆಮೇಲೆ ಓರೆ ಬೆಳಕು. ಕತ್ತಲಲ್ಲಿ ಟಾರ್ಚನ್ನು ನಾಣ್ಯದ ಮಟ್ಟಕ್ಕೇ ಹಿಡಿದು ಸುತ್ತ ತಿರುಗಿಸಿದರೆ ಅರ್ಧದಷ್ಟು ನಾಣ್ಯಗಳು ಇಲ್ಲೇ ಬಾಯಿಬಿಡುತ್ತವೆ. ತೆಳು ಕಾಗದ, ಪೆನ್ಸಿಲ್ ಉಜ್ಜಾಟವನ್ನೂ ಮಾಡಿ ನೋಡಿದ್ದಾಯಿತು. ಉಬ್ಬೇ ಇಲ್ಲದ ಮೇಲೆ ಕಾಗದಕ್ಕೆ ಏನು ಬರುತ್ತದೆ?

ಇನ್ನು ತಟ್ಟೆ. 6 ಮಿ.ಮೀ. ದಪ್ಪದ ಉಕ್ಕಿನ ತುಂಡು, ವೆಲ್ಡಿಂಗ್ ಅಂಗಡಿಯಲ್ಲಿ ನೂರು ರೂಪಾಯಿಯೊಳಗೆ. ದೀಪ ಆರಿಸಿದಾಗ ಮಾತ್ರ ಕೆಂಪು ಕಾಣುವಷ್ಟು ಕಾಯಿಸಿ, ಇಸವಿ ಮೇಲೆ ಬರುವಂತೆ ನಾಣ್ಯ ಇಡಿ. ಕಿತ್ತಳೆ ಬಣ್ಣಕ್ಕೆ ಹೋದರೆ ಅಪಾಯ: ತಾಮ್ರ ಬೆರೆತ ಈ ಬೆಳ್ಳಿ 780 ಡಿಗ್ರಿ ಹತ್ತಿರ ಕರಗಲು ಶುರು. ಸ್ವಲ್ಪ ಹೊತ್ತಿಗೆ ಅಂಕಿಯ ಗೆರೆಗಳು ಸುತ್ತಲಿನ ಬಯಲಿಗಿಂತ ಬೇರೆ ಹೊಳಪಿನಲ್ಲಿ ಏಳುತ್ತವೆ, ಒಮ್ಮೆ ಕಪ್ಪಗೆ, ಒಮ್ಮೆ ಬೆಳ್ಳಗೆ. ಮೊದಲ ಕಾವಿನಲ್ಲೇ ಚೆನ್ನಾಗಿ ಕಾಣುವುದು. ಆಮೇಲೆ ತಾಮ್ರದ ಕಪ್ಪು ಮುಚ್ಚುತ್ತದೆ. ಅದಕ್ಕೇ ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ ಮೊದಲಿನಿಂದಲೇ ವಿಡಿಯೋ ಓಡಿಸುವುದು. ಎಂಪ್ರೆಸ್ ಒಂದರಲ್ಲಿ ಮೂರನೇ ಅಂಕಿ 8ರ ಎರಡು ಹೊಟ್ಟೆಗಳೂ ಬಿಡಿಬಿಡಿಯಾಗಿ ಕಂಡವು. ಇಡುವ ಮುಂಚೆ ನಾಣ್ಯಕ್ಕೆ ನಾನು ಹಚ್ಚುವುದೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ದುಡ್ಡಿನ ಮಾತು: ಇಸವಿ ಗೊತ್ತಾದರೆ ಬೆಸುಗೆ ನಾಣ್ಯಕ್ಕೆ ಕರಗಿಸುವ ದರದ ಮೇಲೆ ಇನ್ನೂರು ಮುನ್ನೂರು ಸಿಗುತ್ತದೆ, ಅಷ್ಟೇ. ಎಂದೂ ಬೆಸುಗೆ ಹಾಕದ ನಾಣ್ಯವನ್ನು ಬೆಂಕಿಗಿಟ್ಟರೆ ನಷ್ಟವೇ. ನೀರಿನ ತೂಕ 1.13 ತೋರಿಸಿದ ಆರನೇ ಜಾರ್ಜ್ ಅಂತೂ ತಟ್ಟೆಯ ಹತ್ತಿರವೂ ಸುಳಿಯಬಾರದು. ಅದು 1939 ಆಗಿದ್ದರೆ ಬೆಲೆಯೇ ಬೇರೆ, 1938ರ 8ನ್ನು ತಿದ್ದಿದ ಖೋಟಾಗಳೂ ಓಡಾಡುತ್ತವೆ. ಕೊಳ್ಳುವವನು ಕಾಯಿಸಿದ ಗುರುತು ನೋಡಿದರೆ ಮುಟ್ಟುವುದಿಲ್ಲ.