ಬೇರೆ ಬೇರೆ ಕ್ಯಾವಿಟಿಲಿರೋ ಎರಡು ಕ್ಯೂಬಿಟ್‌ನ ಎಂಟ್ಯಾಂಗಲ್ ಮಾಡೋದು ಹೇಗೆ

ಮೈಸೂರಲ್ಲಿ, ಮಾನಸಗಂಗೋತ್ರೀಲಿ ಎಂಎಸ್ಸಿ ಫಿಸಿಕ್ಸ್ ಓದ್ತಿರೋರು ಪ್ರಾಜೆಕ್ಟ್‌ಗೆ ಇದನ್ನ ಧೈರ್ಯವಾಗಿ ತಗೊಳ್ಳಿ, ದೊಡ್ಡ ಲ್ಯಾಬ್ ಏನೂ ಬೇಡ, ಲ್ಯಾಪ್‌ಟಾಪಲ್ಲಿ ಪೈಥಾನ್, ಕ್ಯೂಟಿಪ್ (ಕ್ವಾಂಟಮ್ ಲೆಕ್ಕಕ್ಕಿರೋ ಪೈಥಾನ್ ಲೈಬ್ರರಿ) ಇದ್ರೆ ಸಿಮ್ಯುಲೇಶನ್ ಆಗತ್ತೆ. ಎಂಟ್ಯಾಂಗಲ್ ಅಂದ್ರೆ ಎರಡನ್ನೂ ಬೇರೆ ಬೇರೆಯಾಗಿ ವಿವರಿಸೋಕೆ ಆಗದಂಗೆ ಅವುಗಳ ಸ್ಥಿತಿ ಹೆಣೆದುಕೊಳ್ಳೋದು.

ಎರಡು ಕ್ಯಾವಿಟಿ (ಕನ್ನಡಿಗಳ ಮಧ್ಯೆ ಬೆಳಕನ್ನ ಹಿಡಿದಿಡೋ ಜಾಗ), ಒಂದೊಂದ್ರಲ್ಲಿ ಒಂದೊಂದು ಆಟಮ್, ಮಧ್ಯೆ ಫೈಬರ್ ಅಂತ ಇಟ್ಕೊಳ್ಳಿ. ಆಟಮ್ಮೇ ಇಲ್ಲಿ ಕ್ಯೂಬಿಟ್, ಅದಕ್ಕೆ 0, 1 ಅಂತ ಎರಡು ಸ್ಥಿತಿ, ಎರಡೂ ಬೆರೆತಿದ್ರೆ ಸೂಪರ್‌ಪೊಸಿಶನ್. ಮೊದಲ್ನೇ ಆಟಮ್‌ಗೆ ಲೇಸರ್ ಪಲ್ಸ್ ಕೊಟ್ರೆ ಅದು 1ರಲ್ಲಿದ್ರೆ ಫೋಟಾನ್ ಆಚೆ ಬರತ್ತೆ, 0 ಆದ್ರೆ ಬರಲ್ಲ, ಸೂಪರ್‌ಪೊಸಿಶನ್‌ನಲ್ಲಿದ್ರೆ ಅದೇ ಸೂಪರ್‌ಪೊಸಿಶನ್ ಫೋಟಾನ್‌ಗೆ ಹೋಗತ್ತೆ, ಮೊದಲ್ನೇ ಆಟಮಲ್ಲಿ ಕಾಪಿ ಉಳಿಯಲ್ಲ.

ಕಷ್ಟ ಇರೋದು ಆ ಫೋಟಾನ್‌ನ ಎರಡನೇ ಕ್ಯಾವಿಟೀಲಿ ಹಿಡಿಯೋದ್ರಲ್ಲಿ. ಫೋಟಾನ್ ಪಲ್ಸ್ ಹಿಂದೆ ಮುಂದೆ ಒಂದೇ ಥರ ಕಾಣ್ಬೇಕು, ಎರಡನೇ ಕಡೆ ಲೇಸರ್ ಪಲ್ಸ್ ಮೊದಲ್ನೇದನ್ನ ಟೈಮಲ್ಲಿ ತಿರುಗಿಸಿದಂಗೆ ಇರ್ಬೇಕು, ಇಲ್ದಿದ್ರೆ ಫೋಟಾನ್ ಕನ್ನಡಿಗೆ ತಾಗಿ ವಾಪಸ್ ಹೋಗ್ಬಿಡತ್ತೆ. 1997ರಲ್ಲಿ ಸಿರಾಕ್, ಝೋಲರ್, ಕಿಂಬಲ್, ಮಬೂಚಿ ಕೊಟ್ಟ ಐಡಿಯಾ ಇದು, ನಂಗೆ ಇವತ್ತಿಗೂ ತುಂಬಾ ಇಷ್ಟ.

ಎಂಟ್ಯಾಂಗಲ್ ಮಾಡೋಕೆ ಮೊದಲ್ನೇ ಆಟಮ್‌ನ 1ರಿಂದ ಶುರು ಮಾಡಿ ಪಲ್ಸ್‌ನ ಅರ್ಧಕ್ಕೇ ನಿಲ್ಸಿ, ಅಂದ್ರೆ ಫೋಟಾನ್ ಬರೋ ಸಾಧ್ಯತೆ 50% ಇರ್ಬೇಕು, ಆಗ 10 (ಮೊದಲ್ನೇದು 1, ಎರಡನೇದು 0) ಮತ್ತೆ 01 ಸಮ ಸಮ ಸೇರಿರೋ ಸ್ಥಿತಿ ಸಿಗತ್ತೆ. ಈ ಅರ್ಧ ಪಲ್ಸ್ ಮೊದಲಿನ ಪೂರ್ತಿ ಪಲ್ಸ್‌ಗಿಂತ ಬೇರೆ, ಎರಡನೇ ಕಡೆ ಲೇಸರ್ ಪಲ್ಸ್ ಈಗ ಬರೋ ಫೋಟಾನ್ ಆಕಾರಕ್ಕೆ ಹೊಂದ್ಬೇಕು ಅನ್ನೋದು ಮರೀಬೇಡಿ.

ಕೋಡ್ ಬರೀವಾಗ ಎರಡು ಕ್ಯಾವಿಟಿಗೆ ಬೇರೆ ಬೇರೆ ಕೊಲ್ಯಾಪ್ಸ್ ಆಪರೇಟರ್ (ಬೆಳಕು ಆಚೆ ಸೋರೋದನ್ನ ಹೇಳೋದು) ಹಾಕ್ಬೇಡಿ, ಎರಡೂ ಸೇರಿದ ಒಂದೇ ಆಪರೇಟರ್ ಹಾಕಿ, ಜೊತೆಗೆ ಹ್ಯಾಮಿಲ್ಟೋನಿಯನ್‌ಗೆ (ಸಿಸ್ಟಮ್‌ನ ಎನರ್ಜಿ ಆಪರೇಟರ್) ಕ್ಯಾಸ್ಕೇಡ್ ಟರ್ಮ್, ಅಂದ್ರೆ ಮೊದಲ್ನೇ ಕ್ಯಾವಿಟಿ ಬೆಳಕನ್ನ ಎರಡನೇದಕ್ಕೆ ಜೋಡಿಸೋ ಟರ್ಮ್ ಸೇರ್ಸಿ, ಇಲ್ದಿದ್ರೆ ಬೆಳಕು ಒಂದೇ ದಿಕ್ಕಲ್ಲಿ ಹೋಗಲ್ಲ. ಆಮೇಲೆ ಫೈಬರ್ ಲಾಸ್ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ತಾ ಫಿಡೆಲಿಟಿ (ಸಿಕ್ಕಿದ ಸ್ಥಿತಿ ಬೇಕಾದ ಸ್ಥಿತಿಗೆ ಎಷ್ಟು ಹತ್ರ ಅನ್ನೋ ಅಳತೆ) ನೋಡಿ. 2012ರಲ್ಲಿ ಜರ್ಮನಿಯ ಗಾರ್ಷಿಂಗ್‌ನಲ್ಲಿ 60 ಮೀಟರ್ ಫೈಬರ್ ಹಾಕಿ ರುಬಿಡಿಯಂ ಆಟಮ್‌ಗಳಲ್ಲಿ ಇಂಥದ್ದನ್ನ ನಿಜವಾಗ್ಲೂ ಮಾಡಿ ತೋರ್ಸಿದ್ರು, ಅಲ್ಲಿ ಕ್ಯೂಬಿಟ್‌ನ ಫೋಟಾನ್‌ನ ಪೋಲರೈಸೇಶನ್‌ನಲ್ಲಿ ಕಳಿಸಿದ್ರು, ನಿಮ್ಮ ಮಾಡೆಲ್ ಓಡಿದ್ಮೇಲೆ ಅದನ್ನೂ ಟ್ರೈ ಮಾಡಿ.